ಪಕ್ಕದ ಮೇಜಿನ ಸಂಬಳ

ಹೆಂಗಸಿನ ವಯಸ್ಸನ್ನೂ ಗಂಡಸಿನ ಸಂಬಳವನ್ನೂ ಕೇಳಬಾರದು ಎಂಬ ಮಾತು ನಮ್ಮಲ್ಲಿ ಬಹಳ ದಿನಗಳಿಂದ ಚಲಾವಣೆಯಲ್ಲಿದೆ. ಚಲಾವಣೆಯಲ್ಲಿರುವ ನಾಣ್ಯವನ್ನು ಆಗಾಗ ಕಲ್ಲಿನ ಮೇಲೆ ಕುಟ್ಟಿ ನಾದ ಕೇಳುವುದು ಒಳ್ಳೆಯದು. ಈ ಮಾತನ್ನು ಹಾಗೆ ಕುಟ್ಟಿದರೆ ಹೊರಡುವ ನಾದ ಅಷ್ಟೇನೂ ಶುದ್ಧವಲ್ಲ. ಮೊದಲನೆಯದಾಗಿ, ನಮ್ಮ ಜನ ಈ ನಿಯಮವನ್ನು ಎಂದೂ ಪಾಲಿಸಿದವರಲ್ಲ. ರೈಲಿನಲ್ಲಿ ಎದುರಿಗೆ ಕುಳಿತವರು ಊರು ಯಾವುದು, ಮಕ್ಕಳೆಷ್ಟು ಎಂದು ವಿಚಾರಿಸುವಷ್ಟರಲ್ಲೇ ಸಂಬಳದ ಮಾತಿಗೆ ಬಂದಿರುತ್ತಾರೆ. ಮನೆ ಬಾಡಿಗೆಗೆ ಕೊಡುವವರು ಕೇಳುತ್ತಾರೆ. ಹೆಣ್ಣು ಹೆತ್ತವರು ಕೇಳುತ್ತಾರೆ. ಕೇಳಿ, ಸಂಬಳದ ಜೊತೆಗೆ ಗಿಂಬಳವೂ ಉಂಟೋ ಎಂಬುದನ್ನು ಬೇರೆ ದಾರಿಯಿಂದ ತಿಳಿದುಕೊಳ್ಳುತ್ತಾರೆ. ಸಾಲ ಕೊಡುವ ಬ್ಯಾಂಕಿನವರಿಗೆ ಕಾಗದವನ್ನೇ ತೋರಿಸಬೇಕು. ದೂರದ ಸೋದರಮಾವನಿಗೂ ಗೊತ್ತಿರುವ ಈ ಅಂಕಿಯನ್ನು ನಾವು ಮುಚ್ಚಿಡುವುದು ಒಬ್ಬನಿಂದ ಮಾತ್ರ: ಕಛೇರಿಯಲ್ಲಿ ಪಕ್ಕದ ಮೇಜಿಗೆ ಕುಳಿತು, ನಾವು ಮಾಡುವ ಕೆಲಸವನ್ನೇ ಮಾಡುವ ಮನುಷ್ಯನಿಂದ.

ಎರಡನೆಯದಾಗಿ, ಈ ಮಾತಿನಲ್ಲಿ ಅಡಗಿರುವ ಲೋಕವನ್ನು ನೋಡಿ. ಅಲ್ಲಿ ಹೆಂಗಸಿಗೆ ವಯಸ್ಸು ಮಾತ್ರ ಉಂಟು, ಗಂಡಸಿಗೆ ಸಂಬಳ ಮಾತ್ರ ಉಂಟು. ಸಂಬಳ ತರುವ ಹೆಂಗಸಿಗೆ ಅಲ್ಲಿ ಜಾಗವೇ ಇಲ್ಲ. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಕಂಪ್ಯೂಟರ್ ಕಂಪನಿಗಳಲ್ಲಿ ಹೆಂಗಸರು ಗಂಡಸರ ಸಮಕ್ಕೆ ದುಡಿಯುತ್ತಿರುವ ಕಾಲದಲ್ಲಿ ಈ ಮಾತನ್ನು ಸಭ್ಯತೆಯ ಸೂತ್ರವೆಂದು ಹೇಳಿಕೊಳ್ಳುವುದು ತುಸು ವಿನೋದವಾಗಿಯೇ ಇದೆ. ಆದರೆ ಸೂತ್ರ ಹಳತಾದರೂ ಅದರ ಅರ್ಧ ಭಾಗ ಮಾತ್ರ ಹೊಸ ಬಲ ಪಡೆದುಕೊಂಡಿದೆ. ಖಾಸಗಿ ಕಛೇರಿಗಳಲ್ಲಿ ಸಂಬಳದ ಮಾತನ್ನು ಸಹೋದ್ಯೋಗಿಗಳ ನಡುವೆ ಎತ್ತುವುದು ಬರಿಯ ಅಸಭ್ಯತೆಯಲ್ಲ, ಎಷ್ಟೋ ಕಡೆ ಅಪರಾಧವೆಂಬಂತೆ ನಡೆಯುತ್ತದೆ. ಇದು ನಮ್ಮ ಹಿರಿಯರ ಸಂಕೋಚದಿಂದ ಬಂದದ್ದೇ, ಅಥವಾ ಇನ್ನಾರದೋ ಅನುಕೂಲಕ್ಕಾಗಿ ಬಂದದ್ದೇ ಎಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಸಾಹಿತ್ಯದ ಪುಟದಲ್ಲಿ ಈ ಲೆಕ್ಕಾಚಾರವೇಕೆ ಎಂದು ಓದುಗರು ಕೇಳಬಹುದು. ಸಂಬಳ ಕೇಳುವ ವಿಷಯದಲ್ಲಿ ಕಥೆಗಾರನಷ್ಟು ನಿಸ್ಸಂಕೋಚಿ ಬೇರೊಬ್ಬನಿಲ್ಲ ಎಂಬುದೇ ಅದಕ್ಕೆ ಉತ್ತರ. 1842ರಲ್ಲಿ ಪ್ರಕಟವಾದ ಗೊಗೊಲ್‌ನ ‘ಮೇಲಂಗಿ’ಯ ಕಥೆಯನ್ನು ನೆನೆಯಿರಿ. ಅಕಾಕಿ ಎಂಬ ಬಡ ನಕಲುಗುಮಾಸ್ತನಿಗೆ ವರ್ಷಕ್ಕೆ 400 ರೂಬಲ್ ಸಂಬಳ. ಹೊಸ ಅಂಗಿಗೆ 80 ರೂಬಲ್ ಬೇಕು. ಈ ಎರಡು ಅಂಕಿಗಳನ್ನು ಕೊಡದೆ ಗೊಗೊಲ್ ಆ ಕಥೆಯನ್ನು ಬರೆಯಲಾರದೆ ಹೋಗುತ್ತಿದ್ದ. ಸಂಜೆಯ ಚಹಾ ಬಿಟ್ಟು, ಮೇಣದ ಬತ್ತಿ ಹಚ್ಚದೆ, ಚಪ್ಪಡಿ ಕಲ್ಲಿನ ಮೇಲೆ ಬೂಟು ಸವೆಯದಂತೆ ತುದಿಗಾಲಲ್ಲಿ ನಡೆದು ಅವನು ಕೂಡಿಸುವ ಹಣದ ನೋವು ನಮಗೆ ತಟ್ಟುವುದು ಆ ಅಂಕಿ ನಮಗೆ ಗೊತ್ತಿರುವುದರಿಂದ. ಬಡವ ಎಂದು ಹೇಳಿ ಬಿಟ್ಟಿದ್ದರೆ ಕನಿಕರ ಹುಟ್ಟುತ್ತಿತ್ತು. 400 ಎಂದು ಹೇಳಿದ್ದರಿಂದ ನ್ಯಾಯದ ಪ್ರಶ್ನೆ ಹುಟ್ಟಿತು.

ಮರುವರ್ಷ ಬಂದ ಡಿಕನ್ಸನ ‘ಕ್ರಿಸ್‌ಮಸ್ ಕ್ಯಾರೊಲ್’ನಲ್ಲಿಯೂ ಹಾಗೆಯೇ. ಜಿಪುಣ ಸ್ಕ್ರೂಜನ ಗುಮಾಸ್ತ ಬಾಬ್ ಕ್ರಾಚಿಟ್‌ನಿಗೆ ವಾರಕ್ಕೆ 15 ಷಿಲಿಂಗ್. ಅವನ ಮನೆಯ ಹಬ್ಬದೂಟದ ಬಾತುಕೋಳಿ ಚಿಕ್ಕದೋ ದೊಡ್ಡದೋ ಎಂಬುದನ್ನು ನಾವು ಆ 15ರಿಂದಲೇ ಅಳೆಯುತ್ತೇವೆ. ನಮ್ಮ ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರು 1945ರಲ್ಲಿ ಬರೆದ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯ ನಾಯಕ ಕೃಷ್ಣನು ಕಾಲೇಜಿನಲ್ಲಿ ತಿಂಗಳಿಗೆ ನೂರು ರೂಪಾಯಿ ಎಣಿಸುತ್ತಾನೆ. ಕೊನೆಗೆ ಅದನ್ನು ಬಿಟ್ಟು ಎಳೆಯ ಮಕ್ಕಳ ಶಾಲೆಗೆ ಇಪ್ಪತ್ತೈದು ರೂಪಾಯಿಗೆ ಹೋಗುತ್ತಾನೆ. ನೂರರಿಂದ ಇಪ್ಪತ್ತೈದಕ್ಕೆ ಇಳಿಯುವುದೇ ಅವನ ಏರಿಕೆ. ಅಂಕಿಯನ್ನು ತೆಗೆದುಬಿಟ್ಟರೆ ಆ ತ್ಯಾಗ ಬರಿಯ ಮಾತಾಗಿ ಉಳಿಯುತ್ತಿತ್ತು.

ಆದರೂ ಈ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಕೊರತೆ ಕಾಣುತ್ತದೆ. ಅಕಾಕಿಯ ಸಂಬಳವನ್ನು ಅಳೆದದ್ದು ಅಂಗಿಯ ಬೆಲೆಯಿಂದ. ಕ್ರಾಚಿಟ್‌ನದನ್ನು ಧಣಿಯ ತಿಜೋರಿಯಿಂದ. ಕೃಷ್ಣನದನ್ನು ಅವನ ಮನಸ್ಸಿನ ನೆಮ್ಮದಿಯಿಂದ. ಅಕಾಕಿಯ ಸುತ್ತ ಕುಳಿತು ಅವನ ತಲೆಯ ಮೇಲೆ ಕಾಗದದ ಚೂರು ಸುರಿದು ಹಿಮ ಬೀಳುತ್ತಿದೆಯೆಂದು ನಗುತ್ತಿದ್ದ ಗುಮಾಸ್ತರಿಗೆ ಎಷ್ಟು ಬರುತ್ತಿತ್ತು? ಕಥೆ ಅದನ್ನು ಕೇಳುವುದಿಲ್ಲ. ಕ್ರಾಚಿಟ್‌ನಿಗಂತೂ ಪಕ್ಕದ ಮೇಜೇ ಇಲ್ಲ. ಆ ಕಛೇರಿಗೆ ಅವನೊಬ್ಬನೇ ಗುಮಾಸ್ತ. ಅಲ್ಲಿ ಇನ್ನೊಬ್ಬ ಇದ್ದು ಅವನಿಗೆ 18 ಷಿಲಿಂಗ್ ಬರುತ್ತಿದ್ದರೆ, ಆ ಸುದ್ದಿ ಕ್ರಾಚಿಟ್‌ನಿಗೆ ತಿಳಿದಿದ್ದರೆ, ಕಥೆ ದೆವ್ವಗಳ ಸಹಾಯವಿಲ್ಲದೆಯೇ ಬೇರೊಂದು ದಾರಿ ಹಿಡಿಯುತ್ತಿತ್ತು.

ಕನ್ನಡದಲ್ಲಿ ಹಣದ ಮಾತನ್ನು ಈಚೆಗೆ ಬಹಳ ಸೂಕ್ಷ್ಮವಾಗಿ ನಡೆಸಿದ ಕೃತಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಸಂಸಾರ ಬಡತನದಲ್ಲಿದ್ದಾಗ ತಂದೆಯ ದುಡಿಮೆಯ ಲೆಕ್ಕ ಮನೆಮಂದಿಗೆಲ್ಲ ಗೊತ್ತು. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿದ ಮೇಲೆ ಕಥೆ ಹೇಳುವಾತ ಹೆಸರಿಗೆ ನಿರ್ದೇಶಕ, ಕೆಲಸವಿಲ್ಲ, ಸಂಬಳವುಂಟು. ಮದುವೆಯಾಗಿ ಬಂದ ಹೆಂಡತಿಗೆ ಈ ಸಂಗತಿ ತಿಳಿದಾಗ ಕುಸಿಯುವುದು ಅವನ ವರಮಾನವಲ್ಲ, ಅವನ ಮಾನ. ಹಣ ಕಡಿಮೆಯಿದ್ದಾಗ ಇಲ್ಲದಿದ್ದ ಮುಚ್ಚುಮರೆ ಹಣ ಬಂದ ಮೇಲೆ ಬಂತು ಎಂಬ ಅವರ ದರ್ಶನ ನಿಜವಾದದ್ದು. ನಮ್ಮ ಇಂದಿನ ವಿಷಯಕ್ಕೂ ಅದು ಬೆಳಕು ಕೊಡುತ್ತದೆ: ಸಂಬಳವನ್ನು ಮುಚ್ಚಿಡುವವರು ಯಾವಾಗಲೂ ಅಂಕಿಯನ್ನೇ ಮುಚ್ಚಿಡುತ್ತಿರುವುದಿಲ್ಲ, ಆ ಅಂಕಿಗೆ ಕಾರಣ ಹೇಳಲಾರದ ಸ್ಥಿತಿಯನ್ನು ಮುಚ್ಚಿಡುತ್ತಿರುತ್ತಾರೆ.

ಪಕ್ಕದ ಮೇಜಿನ ಸಂಬಳದ ಬಗ್ಗೆ ಇರುವ ಒಂದು ಬಲು ಹಳೆಯ ಕಥೆ ಬೈಬಲಿನದು. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ದ್ರಾಕ್ಷಿಯ ತೋಟದ ಯಜಮಾನನೊಬ್ಬ ಬೆಳಗಿನ ಜಾವ ಕೂಲಿಯವರನ್ನು ದಿನಕ್ಕೆ ಒಂದು ನಾಣ್ಯವೆಂದು ಗೊತ್ತುಮಾಡಿ ಕರೆತರುತ್ತಾನೆ. ಮತ್ತೆ ಬಿಸಿಲೇರಿದ ಮೇಲೆ ಕೆಲವರನ್ನು, ಮಧ್ಯಾಹ್ನ ಕೆಲವರನ್ನು, ಇಳಿಹೊತ್ತಿನಲ್ಲಿ ಕೆಲವರನ್ನು, ಸಂಜೆಗೆ ಒಂದು ಗಂಟೆ ಇರುವಾಗ ಇನ್ನೂ ಕೆಲವರನ್ನು ಕರೆತರುತ್ತಾನೆ. ಕೂಲಿ ಕೊಡುವಾಗ ಎಲ್ಲರಿಗೂ ಒಂದೇ ನಾಣ್ಯ. ಇಡೀ ದಿನ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ಒಪ್ಪಿದ್ದನ್ನು ಕೊಟ್ಟಿದ್ದೇನೆ, ನನ್ನ ಔದಾರ್ಯಕ್ಕೆ ನಿನಗೇಕೆ ಹೊಟ್ಟೆಯುರಿ ಎಂಬರ್ಥದ ಉತ್ತರ ಯಜಮಾನನಿಂದ ಬರುತ್ತದೆ.

ಧರ್ಮಬೋಧಕರು ಇದರಲ್ಲಿ ದೇವರ ಕೃಪೆಯನ್ನು ಕಾಣುತ್ತಾರೆ, ಅದು ಸರಿಯೇ. ಆದರೆ ಕಥನದ ಕುಶಲತೆಯನ್ನು ಗಮನಿಸಿದವರಿಗೆ ಇನ್ನೊಂದು ಅಂಶ ಕಾಣಬೇಕು. ಕೊನೆಗೆ ಬಂದವರಿಗೆ ಮೊದಲು ಕೂಲಿ ಕೊಡಿ ಎಂದು ಯಜಮಾನನೇ ಅಪ್ಪಣೆ ಮಾಡುತ್ತಾನೆ. ಬೆಳಿಗ್ಗೆ ಬಂದವರಿಗೆ ಮೊದಲು ಕೊಟ್ಟು ಕಳುಹಿಸಿಬಿಟ್ಟಿದ್ದರೆ ಅವರು ಸಂತೋಷದಿಂದ ಮನೆಗೆ ಹೋಗುತ್ತಿದ್ದರು, ಗೊಣಗಾಟವೇ ಇರುತ್ತಿರಲಿಲ್ಲ. ಯಜಮಾನ ಹಾಗೆ ಮಾಡಲಿಲ್ಲ. ಎಲ್ಲರೂ ನೋಡುವಂತೆ ಕೊಟ್ಟ. ದೂರು ಬಂದಾಗ ಎದುರು ನಿಂತು ಉತ್ತರ ಹೇಳಿದ. ಅವನ ಉತ್ತರ ನಮಗೆ ಒಪ್ಪಿಗೆಯಾಗದಿರಬಹುದು. ಆದರೆ ಉತ್ತರ ಹೇಳುವ ಹೊಣೆಯನ್ನು ಅವನು ತಪ್ಪಿಸಿಕೊಳ್ಳಲಿಲ್ಲ. ಈ ಕಾಲದ ಎಷ್ಟೋ ಯಜಮಾನರಿಗೆ ಅವನ ಸ್ವಾತಂತ್ರ್ಯ ಬೇಕು, ಅವನ ಬಯಲು ಬೇಡ.

ಈ ಕಥೆಯ ಒಂದು ನುಡಿಯಿಂದಲೇ ರಸ್ಕಿನ್ ತನ್ನ ‘ಅನ್‌ಟು ದಿಸ್ ಲಾಸ್ಟ್’ ಎಂಬ ಹೊತ್ತಗೆಗೆ ಹೆಸರು ತೆಗೆದುಕೊಂಡ. 1860ರಲ್ಲಿ ‘ಕಾರ್ನ್‌ಹಿಲ್’ ಪತ್ರಿಕೆಯಲ್ಲಿ ಅದರ ಲೇಖನಗಳು ಬಂದಾಗ ಓದುಗರು ಕೆರಳಿ, ಸಂಪಾದಕನಾಗಿದ್ದ ಥ್ಯಾಕರೆ ನಾಲ್ಕಕ್ಕೇ ನಿಲ್ಲಿಸಬೇಕಾಯಿತು. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೊರಟ ಗಾಂಧೀಜಿ ರೈಲಿನಲ್ಲಿ ಆ ಪುಸ್ತಕವನ್ನು ಓದಿ ರಾತ್ರಿ ನಿದ್ದೆ ಮಾಡಲಿಲ್ಲ ಎಂಬುದು ಅವರ ಆತ್ಮಕಥೆ ಓದಿದವರಿಗೆಲ್ಲ ಗೊತ್ತು. ಮುಂದೆ ನಡೆದದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಮುದ್ರಣಾಲಯವನ್ನು ಫೀನಿಕ್ಸ್ ಎಂಬ ಹಳ್ಳಿಗಾಡಿಗೆ ಸಾಗಿಸಿ, ಅಲ್ಲಿ ದುಡಿಯುವವರಿಗೆಲ್ಲ ಬಣ್ಣ, ದೇಶಗಳ ಭೇದವಿಲ್ಲದೆ ತಿಂಗಳಿಗೆ ಮೂರು ಪೌಂಡ್ ಎಂದು ಗೊತ್ತುಮಾಡಿದರು. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂಬುದು ಅವರು ರಸ್ಕಿನ್ನನಿಂದ ಕಲಿತ ಪಾಠ. ಎಲ್ಲ ಕಛೇರಿಗಳೂ ಫೀನಿಕ್ಸ್ ಆಗಲಿ ಎಂದು ಯಾರೂ ಹೇಳುವಂತಿಲ್ಲ. ಅನುಭವಕ್ಕೆ, ವಿದ್ಯೆಗೆ, ಹೊಣೆಗೆ ತಕ್ಕಂತೆ ಸಂಬಳ ಬೇರೆಬೇರೆಯಾಗುವುದನ್ನು ಲೋಕ ಒಪ್ಪಿಕೊಂಡಿದೆ. ಆದರೆ ಅಚ್ಚಿನ ಮೊಳೆ ಜೋಡಿಸುವವನಿಗೂ ಸಂಪಾದಕನಿಗೂ ಪರಸ್ಪರರ ಸಂಬಳ ಗೊತ್ತಿದ್ದ ಒಂದು ಪತ್ರಿಕಾಲಯ ಇತ್ತು, ಅದರಿಂದ ಆಕಾಶ ಕಳಚಿ ಬೀಳಲಿಲ್ಲ ಎಂಬುದನ್ನು ಮರೆಯಬಾರದು.

ಇನ್ನೊಂದು ಪತ್ರಿಕಾಲಯದ ಕಥೆ ಇದಕ್ಕೆ ತದ್ವಿರುದ್ಧ. ನ್ಯೂಯಾರ್ಕಿನ ‘ವ್ಯಾನಿಟಿ ಫೇರ್’ ಪತ್ರಿಕೆಯ ಆಡಳಿತದವರು 1919ರ ಅಕ್ಟೋಬರಿನಲ್ಲಿ ನೌಕರರು ತಮ್ಮತಮ್ಮಲ್ಲಿ ಸಂಬಳದ ವಿಚಾರ ಮಾತಾಡಕೂಡದೆಂದು ಒಂದು ಸುತ್ತೋಲೆ ಹೊರಡಿಸಿದರು. ಅಲ್ಲಿ ಕೆಲಸಕ್ಕಿದ್ದವರು ಡೊರೊಥಿ ಪಾರ್ಕರ್, ರಾಬರ್ಟ್ ಬೆಂಚ್ಲಿ ಮತ್ತು ರಾಬರ್ಟ್ ಷೆರ್ವುಡ್. ಮೂವರೂ ಮುಂದೆ ಅಮೆರಿಕದ ಹಾಸ್ಯ, ವಿಮರ್ಶೆ, ನಾಟಕಗಳಲ್ಲಿ ದೊಡ್ಡ ಹೆಸರು ಮಾಡಿದವರು. ಅವರು ಮನವಿ ಬರೆಯುತ್ತ ಕೂರಲಿಲ್ಲ. ತಮ್ಮ ತಮ್ಮ ಸಂಬಳವನ್ನು ಹಲಗೆಯಲ್ಲಿ ಬರೆದು ಕೊರಳಿಗೆ ಕಟ್ಟಿಕೊಂಡು ಕಛೇರಿಯಲ್ಲೆಲ್ಲ ತಿರುಗಾಡಿದರು. ಕೆಲವೇ ತಿಂಗಳಲ್ಲಿ, 1920ರ ಜನವರಿಯಲ್ಲಿ, ನಾಟಕದ ಯಜಮಾನರನ್ನು ಕೆಣಕುವಂತೆ ವಿಮರ್ಶೆ ಬರೆದಳೆಂದು ಪಾರ್ಕರಳನ್ನು ಕೆಲಸದಿಂದ ತೆಗೆದರು. ಬೆಂಚ್ಲಿ ತಾನಾಗಿ ರಾಜೀನಾಮೆ ಕೊಟ್ಟು ಅವಳೊಡನೆ ಹೊರಬಂದ.

ಆ ಸುತ್ತೋಲೆಯನ್ನು ಗದ್ಯದ ಒಂದು ತುಣುಕೆಂದು ಭಾವಿಸಿ ಓದಿದರೆ ಬಹಳ ಸ್ವಾರಸ್ಯವಿದೆ. ಅದರ ವಾದ ಎರಡು ಹೆಜ್ಜೆಯದು. ನಾವು ಪ್ರತಿಯೊಬ್ಬರ ಸೇವೆಯ ಬೆಲೆಗೆ ತಕ್ಕಂತೆ ಸಂಬಳ ಕೊಡುತ್ತೇವೆ, ಇದು ಮೊದಲನೆಯದು. ಆದ್ದರಿಂದ ಅಸಮಾಧಾನ ಹುಟ್ಟಿಸುವ ಹೋಲಿಕೆಗೆ ಎಡೆಯಾಗದಂತೆ ಇದು ಗುಟ್ಟಾಗಿರಬೇಕು, ಇದು ಎರಡನೆಯದು. ಮೊದಲನೆಯದು ನಿಜವಾದರೆ ಎರಡನೆಯದು ಅನಾವಶ್ಯಕ. ಎರಡನೆಯದು ಅವಶ್ಯವಾದರೆ ಮೊದಲನೆಯದರ ಬಗ್ಗೆ ಸಂದೇಹ. ತಕ್ಕಡಿ ಸರಿಯಾಗಿರುವ ಅಂಗಡಿಯವನು ತೂಕ ನೋಡಬೇಡಿ ಎಂದು ಗಿರಾಕಿಗೆ ಹೇಳುವುದಿಲ್ಲ. ನೂರು ವರ್ಷ ಕಳೆದರೂ ಈ ಗದ್ಯ ಹಳೆಯದಾಗಿಲ್ಲ. ನಮ್ಮ ಊರುಗಳ ಖಾಸಗಿ ಕಂಪನಿಗಳ ನೇಮಕಪತ್ರಗಳಲ್ಲಿಯೂ, ತಮ್ಮ ವೇತನದ ವಿವರವನ್ನು ಗೋಪ್ಯವಾಗಿಡತಕ್ಕದ್ದು ಎಂಬ ಒಂದು ವಾಕ್ಯ ಸದ್ದಿಲ್ಲದೆ ಕುಳಿತಿರುತ್ತದೆ. ಕಂಪನಿಯ ವ್ಯಾಪಾರದ ರಹಸ್ಯ, ಗಿರಾಕಿಗಳ ಪಟ್ಟಿ ಇವುಗಳ ಸಾಲಿನಲ್ಲೇ ನೌಕರನ ಸ್ವಂತ ಸಂಬಳವೂ ರಹಸ್ಯ. ತನ್ನ ಬೆವರಿನ ಬೆಲೆ ತನ್ನದೇ ಗುಟ್ಟಲ್ಲ, ಕೊಟ್ಟವರ ಗುಟ್ಟು ಎಂದು ಸಹಿ ಮಾಡುವಾಗ ಯಾರಿಗೂ ಹೊಳೆಯುವುದಿಲ್ಲ.

ಇದರಿಂದ ಆಗುವ ನಷ್ಟ ಎಂಥದು ಎಂಬುದಕ್ಕೆ ಲಿಲಿ ಲೆಡ್ಬೆಟರ್ ಎಂಬ ಹೆಂಗಸಿನ ಬಾಳು ಸಾಕ್ಷಿ. ಅಮೆರಿಕದ ಅಲಬಾಮ ಸಂಸ್ಥಾನದ ಗ್ಯಾಡ್ಸ್‌ಡನ್ ಊರಿನಲ್ಲಿದ್ದ ಗುಡ್‌ಇಯರ್ ಟೈರಿನ ಕಾರ್ಖಾನೆಗೆ ಆಕೆ 1979ರಲ್ಲಿ ಸೇರಿದರು. ಸಂಬಳದ ಮಾತಾಡಕೂಡದೆಂಬುದು ಅಲ್ಲಿನ ಕಟ್ಟಳೆ. ಹತ್ತೊಂಬತ್ತು ವರ್ಷ ದುಡಿದು ನಿವೃತ್ತಿಯ ಹೊಸ್ತಿಲಲ್ಲಿರುವಾಗ ಯಾರೋ ಹೆಸರಿಲ್ಲದೆ ಒಂದು ಚೀಟಿ ಇಟ್ಟುಹೋದರು. ಅದರಲ್ಲಿ ಆಕೆಯ ಮತ್ತು ಅದೇ ಹುದ್ದೆಯ ಮೂವರು ಗಂಡಸರ ಸಂಬಳ ಬರೆದಿತ್ತು. ಕೋರ್ಟಿನಲ್ಲಿ ಹೊರಬಿದ್ದ ಲೆಕ್ಕದ ಪ್ರಕಾರ ಆಕೆಗೆ ತಿಂಗಳಿಗೆ 3,727 ಡಾಲರ್. ಅದೇ ಕೆಲಸದ ಗಂಡಸರಲ್ಲಿ ಎಲ್ಲರಿಗಿಂತ ಕಡಿಮೆಯವನಿಗೆ 4,286, ಹೆಚ್ಚಿನವನಿಗೆ 5,236. ಪಂಚರ ಮಂಡಳಿ ಆಕೆಯ ಪರವಾಗಿ ತೀರ್ಪು ಕೊಟ್ಟಿತು. ಆದರೆ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ನಾಲ್ವರ ಎದುರು ಐವರ ಬಹುಮತದಿಂದ ಅದನ್ನು ತಳ್ಳಿಹಾಕಿತು: ತಾರತಮ್ಯ ನಡೆದ 180 ದಿನಗಳೊಳಗೆ ದೂರು ಕೊಡಬೇಕಾಗಿತ್ತು, ಕಾಲ ಮೀರಿತು. ಗೊತ್ತೇ ಇಲ್ಲದ ಅನ್ಯಾಯಕ್ಕೆ ದೂರು ಕೊಡುವುದು ಹೇಗೆ? ಭಿನ್ನಮತ ಬರೆದ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಎತ್ತಿದ ಆಕ್ಷೇಪದ ಸಾರವೂ ಇದೇ. 2009ರ ಜನವರಿ 29ರಂದು ಅಧ್ಯಕ್ಷ ಒಬಾಮ ಆಕೆಯ ಹೆಸರಿನಲ್ಲಿಯೇ ಕಾನೂನಿನ ತಿದ್ದುಪಡಿಗೆ ಸಹಿ ಹಾಕಿದರು. ಅದರಿಂದ ಮುಂದಿನವರಿಗೆ ಉಪಕಾರವಾಯಿತು. ಆಕೆಗೆ ಬರಬೇಕಾಗಿದ್ದ ಹಣ ಬರಲೇ ಇಲ್ಲ.

ಈ ಮೊಕದ್ದಮೆಯ ಪಕ್ಕದಲ್ಲಿ ನಮ್ಮ ದೇಶದ ಇನ್ನೊಂದನ್ನು ಇಟ್ಟು ನೋಡಬೇಕು. ದೆಹಲಿಯ ಪೋಲೀಸಿನಲ್ಲಿ ಡ್ರೈವರ್ ಕಾನ್‌ಸ್ಟೇಬಲ್ ಆಗಿದ್ದ ರಣಧೀರ್ ಸಿಂಗ್ ಎಂಬವರು, ಬೇರೆ ಇಲಾಖೆಗಳ ಡ್ರೈವರುಗಳಿಗೆ ತಮಗಿಂತ ಹೆಚ್ಚು ಸಂಬಳವಿದೆ, ಓಡಿಸುವ ಕೆಲಸ ಒಂದೇ ಎಂದು ಸುಪ್ರೀಂ ಕೋರ್ಟಿಗೆ ಹೋದರು. ಮುಂದೆ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಮೂಲಕ ನಮ್ಮವರಿಗೆ ಪರಿಚಿತರಾದ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು 1982ರಲ್ಲಿ ಬರೆದ ತೀರ್ಪಿನಲ್ಲಿ, ಸಮಾನ ಕೆಲಸಕ್ಕೆ ಸಮಾನ ವೇತನವೆಂಬುದು ಸಂವಿಧಾನದ ಗುರಿ ಎಂದು ಎತ್ತಿಹಿಡಿದರು. ಆ ಡ್ರೈವರಿಗೆ ಜಯವಾಯಿತು. ಇಬ್ಬರಿಗೂ ಇದ್ದ ವ್ಯತ್ಯಾಸವೇನು? ಒಬ್ಬರಿಗೆ ಪಕ್ಕದವನ ಸಂಬಳ ಗೊತ್ತಿತ್ತು, ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಸರ್ಕಾರದ ಶ್ರೇಣಿಗಳು ಅಚ್ಚಾಗಿರುತ್ತವೆ. ಯಾರು ಬೇಕಾದರೂ ಓದಬಹುದು. 2005ರ ಮಾಹಿತಿ ಹಕ್ಕಿನ ಕಾಯಿದೆಯು ಸಾರ್ವಜನಿಕ ಕಛೇರಿಗಳು ತಮ್ಮ ಪ್ರತಿಯೊಬ್ಬ ನೌಕರನ ಮಾಸಿಕ ಸಂಬಳವನ್ನು ತಾವಾಗಿ ಪ್ರಕಟಿಸಬೇಕೆಂದೂ ವಿಧಿಸಿದೆ. ಹೆಂಗಸರಿಗೂ ಗಂಡಸರಿಗೂ ಒಂದೇ ಕೆಲಸಕ್ಕೆ ಒಂದೇ ಸಂಬಳವೆಂದು 1976ರಲ್ಲಿ ಕಾಯಿದೆ ಬಂತು; 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಅದೇ ತತ್ತ್ವ ಮುಂದುವರಿದಿದೆ. ಕಾಯಿದೆ ಸಮಾನತೆಯ ಹಕ್ಕನ್ನು ಕೊಡುತ್ತದೆ. ಸಮಾನವಾಗಿದೆಯೇ ಎಂದು ನೋಡುವ ಕಣ್ಣನ್ನು ಮೌನ ಮುಚ್ಚುತ್ತದೆ.

ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಹೋಲಿಕೆ ಮನಸ್ಸಿಗೆ ವಿಷ ಎಂದು ಅವರು ಹೇಳುತ್ತಾರೆ. ಇದು ಬರಿಯ ಕಲ್ಪನೆಯಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ನೌಕರರಲ್ಲಿ ಕೆಲವರಿಗೆ, ಸಹೋದ್ಯೋಗಿಗಳ ಸಂಬಳವನ್ನು ನೋಡಬಹುದಾದ ಒಂದು ಪಟ್ಟಿಯಿದೆಯೆಂದು ತಿಳಿಸಿ ಪರಿಣಾಮವನ್ನು ಪರೀಕ್ಷಿಸಿದ ಅರ್ಥಶಾಸ್ತ್ರಜ್ಞರು 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ತಮ್ಮ ವಿಭಾಗದಲ್ಲಿ ನಡುಮಟ್ಟಕ್ಕಿಂತ ಕಡಿಮೆ ಪಡೆಯುತ್ತಿದ್ದವರಿಗೆ ಕೆಲಸದಲ್ಲಿ ಅತೃಪ್ತಿ ಹುಟ್ಟಿತು. ಬೇರೆ ಕೆಲಸ ಹುಡುಕುವ ಮನಸ್ಸೂ ಬಂತು. ಹೆಚ್ಚು ಪಡೆಯುತ್ತಿದ್ದವರಿಗೆ ಮಾತ್ರ ಯಾವ ಹೆಚ್ಚಿನ ಸಂತೋಷವೂ ಆಗಲಿಲ್ಲ. ನಾರ್ವೆಯಲ್ಲಿ ಪ್ರಜೆಗಳ ವರಮಾನದ ವಿವರ ಸರ್ಕಾರಿ ಕಡತದಲ್ಲಿ ಮೊದಲಿನಿಂದಲೂ ಬಹಿರಂಗವೇ. 2001ರಲ್ಲಿ ಅದು ಮನೆಯಲ್ಲಿ ಕುಳಿತೇ ಹುಡುಕಬಹುದಾದಂತೆ ಅಂತರಜಾಲಕ್ಕೆ ಬಂದ ಮೇಲೆ ಉಳ್ಳವರ ಮತ್ತು ಇಲ್ಲದವರ ಸುಖದ ಅಂತರ ಹಿಗ್ಗಿತೆಂದು ಇನ್ನೊಂದು ಅಧ್ಯಯನ ಕಂಡುಕೊಂಡಿತು. ಯಾರು ನಮ್ಮ ವಿವರ ನೋಡಿದರು ಎಂಬುದು ನಮಗೂ ತಿಳಿಯುವಂತೆ 2014ರಲ್ಲಿ ನಿಯಮ ಮಾಡಿದಾಗ ಇಣುಕುವವರ ಸಂಖ್ಯೆ ಇಳಿದುಹೋಯಿತು.

ಈ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ, ಆದರೆ ಅದರ ಅರ್ಥವನ್ನು ವಿಂಗಡಿಸಬೇಕು. ನೆರೆಯವನ ವರಮಾನವನ್ನು ಇಣುಕಿ ನೋಡುವುದು ಬೇರೆ, ಜೊತೆಗೆ ದುಡಿಯುವವನ ಸಂಬಳವನ್ನು ತಿಳಿಯುವುದು ಬೇರೆ. ಮೊದಲನೆಯದು ಅಂತಸ್ತಿನ ಲೆಕ್ಕ. ಅದರಿಂದ ಕಲಿಯುವುದೇನೂ ಇಲ್ಲ, ಉರಿಯುವುದು ಮಾತ್ರ. ಎರಡನೆಯದು ತಕ್ಕಡಿಯ ಲೆಕ್ಕ. ಉರಿದರೂ ಅದರಿಂದ ಒಂದು ಪ್ರಶ್ನೆ ಹುಟ್ಟುತ್ತದೆ, ಪ್ರಶ್ನೆಗೆ ಉತ್ತರ ಕೊಡಬೇಕಾದವರು ಇದ್ದಾರೆ. ವಿಪರ್ಯಾಸವೆಂದರೆ ನಮ್ಮ ಸಮಾಜ ಮೊದಲನೆಯದಕ್ಕೆ ಬಾಗಿಲು ತೆರೆದಿಟ್ಟು ಎರಡನೆಯದಕ್ಕೆ ಅಗುಳಿ ಹಾಕಿದೆ. ಮದುವೆ ಮನೆಯ ಪಂಕ್ತಿಯಲ್ಲಿ ಸಂಬಳ ಕೇಳುವವನಿಗೆ ಅದು ಏತಕ್ಕೂ ಬೇಡ, ಬೇಕಾದವನು ಕೇಳುವಂತಿಲ್ಲ. ಇನ್ನು ನೋವಿನ ಮಾತು. ವೈದ್ಯನು ರೋಗವನ್ನು ಹೇಳಿದ ದಿನ ರೋಗಿಗೆ ದುಃಖವಾಗುತ್ತದೆ ನಿಜ. ರೋಗ ಹುಟ್ಟಿದ್ದು ಆ ದಿನವಲ್ಲ.

ಬಯಲಾಗಿದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದೂ ಹೇಳಲಾರೆವು. ನಮ್ಮ ಸರ್ಕಾರಿ ಕಾಲೇಜುಗಳ ಅಧ್ಯಾಪಕರ ಕೊಠಡಿಯನ್ನು ನೋಡಿ. ಯು.ಜಿ.ಸಿ. ಶ್ರೇಣಿಯಲ್ಲಿ ಹೊಸದಾಗಿ ಸೇರಿದ ಸಹಾಯಕ ಪ್ರಾಧ್ಯಾಪಕರ ಮೂಲವೇತನವೇ 57,700 ರೂಪಾಯಿ. ಅದೇ ಮೇಜಿನ ಸುತ್ತ ಕುಳಿತು ಪಾಠ ಹೇಳುವ ಅತಿಥಿ ಉಪನ್ಯಾಸಕರಿಗೆ 2022ರ ಆರಂಭದವರೆಗೆ ಸಿಗುತ್ತಿದ್ದದ್ದು 11ರಿಂದ 13 ಸಾವಿರ. ಇದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಗೊತ್ತಿದ್ದರೂ ವರ್ಷಾನುಗಟ್ಟಲೆ ಏನೂ ಆಗಲಿಲ್ಲ. ಆದರೆ ಅವರು ಪಾಠ ನಿಲ್ಲಿಸಿ ಬೀದಿಗೆ ಬಂದಾಗ ವಾದಕ್ಕೆ ಬೇರೆ ಪುರಾವೆ ಬೇಕಾಗಲಿಲ್ಲ; ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸಾಕಾಗಿತ್ತು. 2022ರ ಜನವರಿಯಲ್ಲಿ ಸರ್ಕಾರ ಅದನ್ನು ವಿದ್ಯೆ, ಅನುಭವಗಳಿಗೆ ತಕ್ಕಂತೆ 26ರಿಂದ 32 ಸಾವಿರಕ್ಕೆ ಏರಿಸಿತು. ಅಂತರ ಅಳಿಯಲಿಲ್ಲ, ಕಿರಿದಾಯಿತು. ತಿಳಿವಳಿಕೆ ನ್ಯಾಯವನ್ನು ತಂದುಕೊಡುವುದಿಲ್ಲ. ನ್ಯಾಯ ಕೇಳುವವನ ಕೈಗೆ ಕಾಗದ ಕೊಡುತ್ತದೆ.

ಹಾಗಾದರೆ ಮಾತಾಡಬೇಕೇ? ಮಾತಾಡಬೇಕು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಎಲ್ಲ ಮಾತಿಗೂ ಇರುವಂತೆ ಇದಕ್ಕೂ ಒಂದು ಮರ್ಯಾದೆಯಿದೆ. ನೇಮಕಪತ್ರದಲ್ಲಿ ಏನು ಬರೆದಿದೆ ಎಂದು ಮೊದಲು ಓದಿಕೊಳ್ಳುವುದು ವಿವೇಕ. ಸಂಸಾರವಿರುವವರು ಧೈರ್ಯವನ್ನೂ ಲೆಕ್ಕ ಹಾಕಿಯೇ ಖರ್ಚು ಮಾಡಬೇಕು. ಕೇಳುವುದಕ್ಕೆ ಮುಂಚೆ ತನ್ನದನ್ನು ಹೇಳಬೇಕು. ತನ್ನದನ್ನು ಹೇಳದೆ ಪರರದನ್ನು ಕೇಳುವವನು ಬೇಹುಗಾರ. ಅಂಕಿಯೊಂದನ್ನೇ ಹೇಳದೆ ಎಷ್ಟು ವರ್ಷದ ಅನುಭವ, ಏನು ಹೊಣೆ, ಕೈಗೆ ಬರುವುದೆಷ್ಟು, ಕಾಗದದಲ್ಲಿರುವುದೆಷ್ಟು ಎಂಬುದನ್ನೂ ಕೂಡಿಸಿ ಹೇಳಬೇಕು. ಇಲ್ಲದಿದ್ದರೆ ಅದು ಸುದ್ದಿಯಾಗುತ್ತದೆ, ತಿಳಿವಳಿಕೆಯಾಗುವುದಿಲ್ಲ. ಒಬ್ಬರು ನಂಬಿ ಹೇಳಿದ್ದನ್ನು ಮೂರನೆಯವರ ಕಿವಿಗೆ ಒಯ್ಯಬಾರದು. ಕಡಿಮೆ ಪಡೆಯುವವರು ಕೇಳಿದ್ದನ್ನು ಹೊಟ್ಟೆಕಿಚ್ಚಿಗೆ ತಿರುಗಿಸದೆ ಪ್ರಶ್ನೆಯಾಗಿ ತಿರುಗಿಸಬೇಕು, ಆ ಪ್ರಶ್ನೆಯನ್ನು ಪಕ್ಕದವನಿಗಲ್ಲ, ಕೊಡುವವರಿಗೆ ಕೇಳಬೇಕು. ಹೆಚ್ಚು ಪಡೆದ ಸಹೋದ್ಯೋಗಿ ಏನನ್ನೂ ಕದ್ದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ಮೊದಲು ಬಾಯಿ ತೆರೆಯಬೇಕಾದವರು ಯಾರು ಎಂಬುದು. ಕಡಿಮೆ ಸಂಬಳದವನು ಹೇಳಿದರೆ ಗೋಳು ಎನ್ನುತ್ತಾರೆ. ಹೆಂಗಸು ಕೇಳಿದರೆ ಜಗಳಗಂಟಿ ಎನ್ನುತ್ತಾರೆ. ಹೊಸದಾಗಿ ಸೇರಿದವನಿಗೆ ಕೇಳುವ ಧೈರ್ಯವೇ ಇರುವುದಿಲ್ಲ. ಮೌನದಿಂದ ನಷ್ಟವಾಗುವವರಿಗೆ ಮಾತು ದುಬಾರಿ. ಮೌನದಿಂದ ಲಾಭ ಪಡೆಯುತ್ತಿರುವವನಿಗೆ ಮಾತ್ರ ಮಾತು ಅಗ್ಗ. ಆದ್ದರಿಂದ ಅದೇ ಕೆಲಸಕ್ಕೆ ಹೆಚ್ಚು ಪಡೆಯುವ ಹಿರಿಯ ಮೊದಲು ಹೇಳಬೇಕು. ಲೆಡ್ಬೆಟರ್ ಅವರ ಜೊತೆಗೆ ದುಡಿದ ಗಂಡಸರಲ್ಲಿ ಒಬ್ಬನಾದರೂ ಮೊದಲನೆಯ ವರ್ಷಗಳಲ್ಲಿ ಕ್ಯಾಂಟೀನಿನ ಮೇಜಿನ ಮುಂದೆ ತನ್ನ ಸಂಬಳ ಇಷ್ಟೆಂದು ಹೇಳಿದ್ದರೆ, ಹತ್ತೊಂಬತ್ತನೆಯ ವರ್ಷದ ಆ ಹೆಸರಿಲ್ಲದ ಚೀಟಿ ಬೇಕಾಗುತ್ತಿರಲಿಲ್ಲ. ಹೇಳಿದವನಿಗೆ ಆಗುತ್ತಿದ್ದ ಖರ್ಚು ಒಂದು ವಾಕ್ಯ. ಹೇಳದೆ ಹೋದದ್ದರ ವೆಚ್ಚವನ್ನು ಆಕೆ ತನ್ನ ಪಿಂಚಣಿಯ ಕೊನೆಯ ತಿಂಗಳವರೆಗೆ ಕಟ್ಟಿದರು. ಪಿಂಚಣಿಯ ಲೆಕ್ಕವೂ ಆ ಕಡಿಮೆ ಸಂಬಳದ ಮೇಲೆಯೇ ಆಗಿತ್ತು.